ಮಗಳು ರಜೆಯಲ್ಲಿದ್ದಾಳೆ

ಆ ಮನೆಯಲ್ಲಿ ರಜೆಯ ವಿಷಯಕ್ಕೆ ಬಂದರೆ ಅಮ್ಮನ ಮಾತೇ ಕೊನೆ. ಹೊರಗೂ ಹಾಗೆಯೇ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಒಂದಿಡೀ ಸಾಲಿನ ಹೊಲಿಗೆಯವರಿಗೆ ಅವಳು ಸೂಪರ್‌ವೈಸರ್. ಯಾರ ಮಗುವಿನ ಜ್ವರ ನಿಜ, ಯಾರದ್ದು ನೆಪ ಎಂದು ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಕೊಡುವುದಿಲ್ಲ ಎಂದರೆ ಕಾಲಿಗೆ ಬಿದ್ದರೂ ಕೊಡುತ್ತಿರಲಿಲ್ಲ. ಆದರೆ ಒಮ್ಮೆ ಕೊಟ್ಟ ರಜೆಯನ್ನು ಮ್ಯಾನೇಜರೇ ಬಂದು ಕುಣಿದಾಡಿದರೂ ವಾಪಸ್ ಪಡೆದವಳಲ್ಲ. “ರಜೆ ಅಂದ್ರೆ ರಜೆ. ಮಧ್ಯದಲ್ಲಿ ಫೋನ್ ಮಾಡಿ ಕರೆಸ್ಕೊಳ್ಳೋ ಹಾಗಿದ್ರೆ ಕೊಡೋದ್ಯಾಕೆ?” ಅನ್ನುತ್ತಿದ್ದಳು. ಇದೊಂದು ಕಾರಣಕ್ಕೆ ಅವಳನ್ನು ಬೈಯುವವರೂ ಅವಳ ಸಾಲನ್ನು ಬಿಟ್ಟು ಹೋಗುತ್ತಿರಲಿಲ್ಲ.

ಇಂಥ ಅಮ್ಮನ ಮಗಳು ಮೆಡಿಕಲ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ವರ್ಷವಿಡೀ ಅವಳಿಗೆ ರಜೆ ಎಂಬುದೇ ಇರಲಿಲ್ಲ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಹೆದರಿಕೆಗೆ ತನಗೇ ಜ್ವರ ಬಂದಾಗಲೂ ವಾರ್ಡಿಗೆ ಹೋದಳು. ಗೆಳತಿಯರ ಪಾಳಿಯನ್ನು ತಾನು ಮಾಡಿ, ತನ್ನದನ್ನು ಆಮೇಲೆ ಅವರು ಮಾಡಬೇಕು ಎಂದು ಮಾತು ತೆಗೆದುಕೊಂಡಳು. ಹೀಗೆ ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ, ಅದಕ್ಕೆ ಪರೀಕ್ಷೆಗೆ ಓದಿಕೊಳ್ಳಲೆಂದು ಕಾಲೇಜೇ ಕೊಟ್ಟ ವಾರಗಳನ್ನು ಸೇರಿಸಿ, ಹತ್ತಿರ ಹತ್ತಿರ ಒಂದು ತಿಂಗಳ ರಜೆ ಗಿಟ್ಟಿಸಿಕೊಂಡು ಮನೆಗೆ ಬಂದಳು.

ಬಂದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅಮ್ಮ, ಅಪ್ಪ, ಅಪ್ಪನ ಅಪ್ಪ, ಮಗಳು. ಮನೆಯಲ್ಲಿ ಇದ್ದದ್ದೇ ಇಷ್ಟು ಜನ. ಅಪ್ಪನಿಗೆ ಲಾಂಡ್ರಿ ಅಂಗಡಿ. ಮೈಯಲ್ಲಿ ಯಾವಾಗಲೂ ಬಿಸಿ ಬಟ್ಟೆಯ ವಾಸನೆ, ಬಾಯಲ್ಲಿ ಯಾವಾಗಲೂ ತಮಾಷೆ.

“ಏನಮ್ಮ ಡಾಕ್ಟ್ರಮ್ಮ, ಈ ವರ್ಷ ಎಷ್ಟು ಜನರನ್ನ ಉಳಿಸಿದೆ?”

“ಉಳಿಸೋದು ನಾನಲ್ಲಪ್ಪ. ನಾನು ರಕ್ತ ತೆಗೆದು ಲ್ಯಾಬಿಗೆ ಕೊಡೋದು ಅಷ್ಟೇ.” ಮಗಳು ತುತ್ತು ನುಂಗಿ ಮುಂದುವರಿಸಿದಳು. “ಹೋದ ವಾರ ಒಬ್ಬರು ತೀರ್ಕೊಂಡ್ರು. ದಿನಾ ನಾನೇ ಅವರ ರಕ್ತ ತೆಗೀತಿದ್ದೆ. ನನ್ನ ಕೈ ತಣ್ಣಗಿದೆ ಅಂತ ಬೈತಿದ್ರು. ಅವತ್ತು ಸೂಜಿ ಹಿಡ್ಕೊಂಡು ಹೋಗೋ ಹೊತ್ತಿಗೆ ಮುಗಿದಿತ್ತು. ನಂಗೇನೂ ಅನ್ನಿಸ್ಲಿಲ್ಲ. ಕ್ಯಾಂಟೀನಿಗೆ ಹೋಗಿ ಊಟ ಮಾಡಿದೆ. ಎರಡನೇ ಸಲ ಅನ್ನ ಹಾಕಿಸ್ಕೊಂಡೆ.”

ಹೇಳಿ ಅಮ್ಮನ ಮುಂದೆ ತಟ್ಟೆ ಚಾಚಿದಳು. ಅಮ್ಮ ಅನ್ನ ಬಡಿಸಿದಳು. ಅಪ್ಪನಿಗೆ ಇನ್ನೊಂದು ತಮಾಷೆ ಹೊಳೆಯಲಿಲ್ಲ.

ಮಗಳು ಹೋಗಿ ಮಲಗಿದ ಮೇಲೆ ಅಮ್ಮ ಪಾತ್ರೆ ತೊಳೆಯುತ್ತ ತೀರ್ಪು ಕೊಟ್ಟಳು. “ಕೇಳಿಸ್ಕೊಳ್ಳಿ ಇಬ್ರೂ. ಅವಳ ರಜೆ ಮುಗಿಯೋವರೆಗೂ ಈ ಮನೇಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ. ತಲೆನೋವಿಲ್ಲ, ಮಂಡಿನೋವಿಲ್ಲ, ಏನೂ ಇಲ್ಲ.”

“ಕೆಮ್ಮು ಬಂದ್ರೆ?” ಅಂದ ಅಪ್ಪ.

“ಅಂಗಡಿಗೆ ಹೋಗಿ ಕೆಮ್ಮಿ ಬನ್ನಿ. ಡಾಕ್ಟ್ರಮ್ಮ ಅಂತ ಕರೆಯೋದೂ ಬೇಡ. ಹುಡುಗಿ ಕಲ್ಲಾಗಿ ಬಂದಿದ್ದಾಳೆ, ಕಾಣಿಸ್ಲಿಲ್ವಾ ನಿಮಗೆ? ಮೊದ್ಲು ತಿಂದು ಮಲಗಿ ಮನುಷ್ಯಳಾಗ್ಲಿ. ಓದೋದು ಆಮೇಲೆ.”

ತಾತ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು. ಏನು ಹೇಳಿದರೂ ಅದೇ ಭಾಷೆಯಲ್ಲಿ ಹೇಳುತ್ತಿದ್ದ. “ನನ್ನ ಗಾಡಿ ಕಂಡೀಷನ್ನಾಗಿದೆ ಕಣಮ್ಮ. ನನ್ನ ಯೋಚನೆ ಬಿಡು” ಅಂದ.

ಗೋಡೆಯಾಚೆ ಮಲಗಿದ್ದ ಮಗಳಿಗೆ ಎಲ್ಲವೂ ಕೇಳಿಸಿತು. ಸಮಾಧಾನವಾಗಬೇಕಿತ್ತು, ಅದೂ ಆಗಲಿಲ್ಲ. ಯಾರೂ ಏನೂ ಕೇಳುವುದಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡು ಮಗ್ಗುಲು ಬದಲಿಸಿದಳು.

ಮೊದಲ ವಾರ ಅವಳು ಮಲಗಿದ್ದೇ ಮಲಗಿದ್ದು. ಎದ್ದಾಗ ಚಹಾ, ಬ್ರೆಡ್ಡು, ಮೊಟ್ಟೆ. ಮತ್ತೆ ನಿದ್ದೆ. ಮತ್ತೆ ಎದ್ದರೆ ಮುಚ್ಚಿಟ್ಟ ಅನ್ನ. ತಿಂದದ್ದಕ್ಕೆ ಉಪ್ಪಿತ್ತೋ ಇಲ್ಲವೋ ಎಂದು ಕೇಳಿದರೆ ಹೇಳಲಾರಳು. ಸ್ನಾನದ ನೀರು ಆರಿ ತಣ್ಣಗಾಗಿದ್ದರೆ ತಣ್ಣಗಿನದ್ದರಲ್ಲೇ ಮಿಂದು ಬರುತ್ತಿದ್ದಳು. ಪುಸ್ತಕದ ಚೀಲ ಬಂದ ದಿನ ಎಲ್ಲಿಟ್ಟಿದ್ದಳೋ ಅಲ್ಲೇ ಇತ್ತು. ಅಮ್ಮ ನೆಲ ಒರೆಸುವಾಗ ಅದನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು.

ಮೊದಲು ಕಾನೂನು ಮುರಿಯಲು ಬಂದವಳು ಅತ್ತೆ. ಅಪ್ಪನ ಅಕ್ಕ, ಹತ್ತಿರದ ಬೀದಿಯಲ್ಲೇ ಮನೆ. ಅತ್ತೆಗೆ ಬಾರದ ಕಾಯಿಲೆಯಿಲ್ಲ. ಎಕ್ಸ್‌ರೇಗಳನ್ನೆಲ್ಲ ಒಂದು ದೊಡ್ಡ ಕವರಿನಲ್ಲಿ ತುಂಬಿಕೊಂಡು, ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು ಬಂದಳು.

“ಅವಳು ಮಲಗಿದ್ದಾಳೆ ಅತ್ತಿಗೆ” ಅಂದಳು ಅಮ್ಮ, ಬಾಗಿಲಿಗೆ ಅಡ್ಡ ನಿಂತು.

“ಈ ಹೊತ್ತಲ್ಲಾ? ಎಬ್ಬಿಸು, ಒಂದೇ ನಿಮಿಷ. ಈ ಭುಜ ನೋಡಿ ಹೇಳಿದ್ರೆ ಸಾಕು.”

“ಅವಳು ರಜೆಯಲ್ಲಿದ್ದಾಳೆ.”

“ಮನೆಯವರಿಗೂ ರಜೆಯೇನೆ? ಸ್ವಂತ ಅತ್ತೆಗೆ?”

“ಮನೆಯವರಿಗೇ ಮೊದ್ಲು ರಜೆ. ನಿಮ್ಮ ಭುಜ ಹೋದ ವರ್ಷದಿಂದ ನೋಯ್ತಿದೆ, ಇನ್ನೊಂದು ತಿಂಗಳು ನೋಯ್ಲಿ. ಚಹಾ ಕುಡೀತೀರಾ?”

ಅತ್ತೆ ಮುಖ ಊದಿಸಿಕೊಂಡೇ ಚಹಾ ಕುಡಿದಳು. ಹೋಗುವಾಗ ಹೊಸಿಲಲ್ಲಿ ನಿಂತು, “ಡಾಕ್ಟರ್ ಓದಿಸ್ತಿರೋದು ಬೀರುವಿನಲ್ಲಿಟ್ಟು ಬೀಗ ಹಾಕಕ್ಕಾ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಅಂದು ಮೆಟ್ಟಿಲಿಳಿದಳು.

ಅಪ್ಪನಿಗೂ ಒಳಗೊಳಗೇ ಕುದಿಯುತ್ತಿತ್ತು. ಅವನ ಚಿಂತೆ ಬೇರೆ.

“ಹೀಗೇ ಮಲಗಿದ್ರೆ ಪರೀಕ್ಷೆ ಯಾರು ಬರೀತಾರೆ, ನಾನಾ? ಹೊತ್ತು ನೆತ್ತಿಗೇರಿದೆ, ಇನ್ನೂ ಹಾಸಿಗೆ ಬಿಟ್ಟಿಲ್ಲ.”

“ನಿಮ್ಮ ಅಂಗಡಿ ಹುಡುಗರು ಊಟಕ್ಕೆ ಹೋದಾಗ ಹಿಂದೆಯೇ ಹೋಗಿ ಬಾ ಬಾ ಅಂತೀರಲ್ಲ, ಆ ಬುದ್ಧಿ ಇಲ್ಲಿ ತೋರಿಸ್ಬೇಡಿ.”

“ಅಂಗಡಿ ಸುದ್ದಿ ಯಾಕೆ ತರ್ತೀಯ?”

“ನೀವು ಪರೀಕ್ಷೆ ಸುದ್ದಿ ಯಾಕೆ ತರ್ತೀರ?”

ತಾತ ಪತ್ರಿಕೆಯಿಂದ ತಲೆ ಎತ್ತದೆ, “ಇಬ್ರೂ ಹಾರ್ನ್ ಹೊಡೀಬೇಡಿ. ಮಗು ಮಲಗಿದೆ” ಅಂದ. ಒಳಗೆ ಮಗು ಮಲಗಿರಲಿಲ್ಲ. ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿತ್ತು.

ಎರಡನೇ ವಾರದಲ್ಲಿ ಅಮ್ಮ ಅವಳಿಗೊಂದು ಹಗುರದ ಕೆಲಸ ಹಚ್ಚಿದಳು. ಮಧ್ಯಾಹ್ನ ತಾತನ ಜೊತೆ ಹೋಗಿ ಅಪ್ಪನಿಗೆ ಊಟದ ಡಬ್ಬಿ ಕೊಟ್ಟು ಬರುವುದು. ಗಾಳಿ ಆಡಿದ ಹಾಗೂ ಆಗುತ್ತದೆ, ತಾತನಿಗೆ ಜೊತೆಯೂ ಆಗುತ್ತದೆ ಎಂದು.

ಅಂಗಡಿಗೆ ಹೋಗುವಾಗ ಏನೂ ಅನ್ನಿಸಲಿಲ್ಲ. ವಾಪಸ್ ಬಂದು ಮನೆಯ ಮೆಟ್ಟಿಲು ಹತ್ತುವಾಗ ತಾತ ಅರ್ಧದಲ್ಲಿ ನಿಂತ. ಕೈ ಕಂಬಿಯ ಮೇಲಿತ್ತು. ಬೀದಿಯನ್ನು ಬಹಳ ಆಸಕ್ತಿಯಿಂದ ನೋಡುವವನ ಹಾಗೆ ನಿಂತಿದ್ದ. ಸ್ಟಾಪಿಲ್ಲದ ಕಡೆ ಒಂದು ದಿನವೂ ಬಸ್ಸು ನಿಲ್ಲಿಸಿದವನಲ್ಲ ಎಂಬುದು ಅವನ ಹೆಗ್ಗಳಿಕೆ.

“ಏನು ತಾತ, ಇಲ್ಲೊಂದು ಸ್ಟಾಪ್ ಇದ್ಯಾ?”

“ಹೊಸದಾಗಿ…” ತಾತ ಉಸಿರು ತೆಗೆದುಕೊಂಡ. “ಹೊಸದಾಗಿ ಮಾಡಿದ್ದಾರೆ.”

ಒಂದು ಸಾಲನ್ನು ಎರಡು ತುಂಡು ಮಾಡಿ ಹೇಳಿದ. ಅವಳ ಕಣ್ಣು ತಾನಾಗಿಯೇ ಅವನ ಕುತ್ತಿಗೆಗೆ ಹೋಯಿತು. ಅಲ್ಲಿ ನರ ಉಬ್ಬಿತ್ತು. ಕಣ್ಣು ಕೆಳಗಿಳಿಯಿತು. ಚಪ್ಪಲಿಯ ಪಟ್ಟಿಯನ್ನು ತಾತ ಕೊನೆಯ ತೂತಿಗೆ ಹಾಕಿದ್ದ. ಆದರೂ ಅದು ಪಾದವನ್ನು ಕಚ್ಚಿ ಹಿಡಿದಿತ್ತು. ವಾರ್ಡಿನಲ್ಲಾಗಿದ್ದರೆ ಇಷ್ಟು ನೋಡಿದ ಮೇಲೆ ಪ್ರಶ್ನೆಗಳು ಸಾಲಾಗಿ ಬಾಯಿಗೆ ಬರುತ್ತಿದ್ದವು. ಮಲಗಿದರೆ ಉಸಿರು ಕಟ್ಟುತ್ತಾ? ಎಷ್ಟು ದಿನದಿಂದ? ಒಂದು ಕೇಳಿದರೆ ಸಾಕಿತ್ತು. ಕೇಳಿದರೆ ಮುಂದಿನದೂ ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಸಾಲು, ಎಕ್ಸ್‌ರೇ, ಹಾಸಿಗೆಯ ಪಕ್ಕ ನಿಲ್ಲುವುದು, ನೀವೇ ಮೆಡಿಕಲ್ ಅಲ್ವಾ ಎಂದು ಎಲ್ಲರೂ ಎಲ್ಲವನ್ನೂ ಅವಳ ಕೈಗೆ ಕೊಡುವುದು. ಆ ಫಿನಾಯಿಲಿನ ವಾಸನೆ. ಅವಳು ತಾತನಿಂದ ಕಣ್ಣು ಕಿತ್ತು, ತಾನೂ ಬೀದಿಯನ್ನು ನೋಡಿದಳು. ನಾಳೆ ಕೇಳಿದರಾಯಿತು ಅಂದುಕೊಂಡಳು.

ನಾಳೆಯೂ ನಾಳೆಯೇ ಆಯಿತು. ಕೆಟ್ಟ ಹುಡುಗಿಯಲ್ಲ, ದಣಿದಿದ್ದಳು ಎಂದು ಬೇಕಾದರೆ ನಾವು ಅವಳ ಪರ ವಾದಿಸಬಹುದು. ಅವಳು ವಾದಿಸಲಿಲ್ಲ. ಗೊತ್ತಿತ್ತು, ಸುಮ್ಮನಿದ್ದಳು, ಅಷ್ಟೇ.

ಆಮೇಲೊಂದು ಬೆಳಿಗ್ಗೆ ತಾತ ಬಾಲ್ಕನಿಯಲ್ಲಿ ಉಗುರು ಕತ್ತರಿಸಿಕೊಳ್ಳಲು ಹೆಣಗುತ್ತಿದ್ದ. ಬಗ್ಗುತ್ತಿದ್ದ, ತಟಕ್ಕನೆ ನೆಟ್ಟಗಾಗುತ್ತಿದ್ದ, ಮತ್ತೆ ಬಗ್ಗುತ್ತಿದ್ದ.

“ಕೊಡು ಇಲ್ಲಿ” ಎಂದು ಮಗಳು ನೆಲದ ಮೇಲೆ ಕೂತು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು.

“ಹೊಟ್ಟೆ ಬಂದಿದೆ ನಂಗೆ, ಬಗ್ಗಕ್ಕಾಗಲ್ಲ. ನಿಮ್ಮಮ್ಮ ನಿನ್ನ ನೆಪದಲ್ಲಿ ನಂಗೂ ತುರುಕ್ತಿದ್ದಾಳೆ.”

ಕಾಲು ಭಾರವಾಗಿತ್ತು. ಚರ್ಮ ಬಿಗಿದು ಮಿಂಚುತ್ತಿತ್ತು. ಅವಳ ಹೆಬ್ಬೆರಳು, ಅವಳನ್ನು ಕೇಳದೆ, ಕಣಕಾಲಿನ ಮೂಳೆಯ ಮೇಲೆ ಹೋಗಿ ಒತ್ತಿತು. ವಾರ್ಡಿನಲ್ಲಿ ನೂರು ಕಾಲುಗಳಿಗೆ ಒತ್ತಿದ ಬೆರಳು ಅದು. ತೆಗೆದಾಗ ಅಲ್ಲೊಂದು ಗುಳಿ ಉಳಿಯಿತು. ನಾದಿದ ಹಿಟ್ಟಿಗೆ ಬೆರಳಿಟ್ಟ ಹಾಗೆ. ಅದು ಮೆಲ್ಲಗೆ ತುಂಬಿಕೊಳ್ಳುವುದನ್ನು ಮೊಮ್ಮಗಳು ನೋಡಿದಳು. ತಾತನೂ ನೋಡಿದ.

“ಏನು ನೋಡ್ತಿದ್ದೀಯ?”

“ಏನಿಲ್ಲ. ಉಗುರು ಗಟ್ಟಿಯಾಗಿದೆ.”

“ವಯಸ್ಸಾಯ್ತಲ್ಲ.” ತಾತ ಇನ್ನೊಂದು ಕಾಲು ಮುಂದೆ ಚಾಚಿದ. “ಮರಿ…”

“ಹೂಂ?”

“ಏನಿಲ್ಲ. ಕತ್ತರಿಸು.”

ಅವಳು ಹತ್ತೂ ಉಗುರುಗಳನ್ನು ಒಪ್ಪವಾಗಿ ಕತ್ತರಿಸಿ, ಚೂರುಗಳನ್ನು ಕಾಗದಕ್ಕೆ ಗುಡಿಸಿಕೊಂಡು, ಕಸದ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು, ಅದೂ ಅಭ್ಯಾಸ.

ಆ ವಾರವೇ ತಾತನ ಮಲಗುವ ಜಾಗ ಬದಲಾಯಿತು. ಮಂಚ ಬಿಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಿಂದೆ ಮುಂದೆ ದಿಂಬು ಇಟ್ಟುಕೊಂಡು ಕೂತೇ ನಿದ್ದೆ ಮಾಡತೊಡಗಿದ. ಕೇಳಿದರೆ ಸೆಕೆ ಅನ್ನುತ್ತಿದ್ದ. ಬೇರೆಯವರೆಲ್ಲ ಹೊದ್ದುಕೊಂಡು ಮಲಗುತ್ತಿದ್ದ ಕಾಲ ಅದು. ಯಾರೂ ಎರಡನೇ ಸಲ ಕೇಳಲಿಲ್ಲ. ಬೆಳಿಗ್ಗೆ ಮಗಳು ಮುಖ ತೊಳೆಯಲು ಎದ್ದರೆ ತಾತ ಆಗಲೇ ಎಚ್ಚರವಾಗಿ, ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಕೂತಿರುತ್ತಿದ್ದ. ಅವಳನ್ನು ಕಂಡು ಕೈ ಎತ್ತುತ್ತಿದ್ದ. ಇವಳೂ ಕೈ ಎತ್ತಿ ಬಚ್ಚಲಿಗೆ ಹೋಗುತ್ತಿದ್ದಳು.

ಅಮ್ಮನ ಲೆಕ್ಕದಲ್ಲಿ ರಜೆ ಚೆನ್ನಾಗಿ ನಡೆಯುತ್ತಿತ್ತು. ಮಗಳು ಪುಸ್ತಕದ ಚೀಲ ಬಿಚ್ಚಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಒಂದು ದಿನ ಅಪ್ಪ ಇಸ್ತ್ರಿ ಪೆಟ್ಟಿಗೆಯಿಂದ ಕೈ ಸುಟ್ಟುಕೊಂಡು, ಮನೆಗೆ ಬಂದಾಗ ಕೈಯನ್ನು ಜೇಬಿನೊಳಗಿಟ್ಟುಕೊಂಡೇ ಊಟಕ್ಕೆ ಕೂತ. ಎಡಗೈಯಲ್ಲಿ ಅನ್ನ ಕಲಸಿದ. ಮಗಳು ನೋಡಿದಳು. ಅಮ್ಮನೂ ನೋಡಿ, ಗಂಡನ ತಟ್ಟೆಗೆ ಚಮಚ ಹಾಕಿದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ತಾತ ಎರಡು ತುತ್ತು ತಿಂದು ತಟ್ಟೆ ಸರಿಸಿದ. ಏನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ, ಕೆಮ್ಮು ಬಂತು, ಕೆಮ್ಮಿನ ಹಿಂದೆ ತಿಳಿಗೆಂಪು ನೊರೆ. ಎದೆಯೊಳಗಿನ ಗೊರಗೊರ ಸದ್ದು ಮೇಜಿನ ಆಚೆಗೂ ಕೇಳಿಸಿತು. ಅಪ್ಪ ಓಡಿ ಬಂದು ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಲು ಹೊರಟ.

“ಮಲಗಿಸ್ಬೇಡ!” ಮಗಳ ದನಿಗೆ ಅಪ್ಪ ಕೈ ಬಿಟ್ಟುಬಿಟ್ಟ. “ಕೂರಿಸಿ. ಕಾಲು ಕೆಳಗೆ ಇಳಿಬಿಡಿ. ಅಮ್ಮ, ಅಂಗಿ ಗುಂಡಿ ಬಿಚ್ಚು. ಅಪ್ಪ, ಅಂಗಡಿ ವ್ಯಾನ್ ತಗೊಂಡು ಬಾ.”

ಹೋಟೆಲಿನ ಬೆಡ್‌ಶೀಟು ಸಾಗಿಸುವ ವ್ಯಾನಿನಲ್ಲಿ, ಒಗೆಯದ ಗಂಟುಗಳಿಗೆ ಒರಗಿಸಿ ತಾತನನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಅವಳು ನಾಡಿ ಹಿಡಿದೇ ಇದ್ದಳು. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡುತ್ತ ಓಡಿಸಿದ.

ತುರ್ತು ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನವನು. ಶೇವ್ ಮಾಡಿರಲಿಲ್ಲ. ಮಾಸ್ಕು ಹಾಕಿಸಿ, ಇಂಜೆಕ್ಷನ್ ಕೊಡಿಸಿ, ಆಮೇಲೆ ಮನೆಯವರ ಕಡೆ ತಿರುಗಿದ.

“ಉಸಿರಾಟದ ತೊಂದರೆ ಯಾವಾಗಿಂದ?”

“ಇವತ್ತೇ” ಅಂದಳು ಅಮ್ಮ.

“ಊಟದ ಹೊತ್ತಲ್ಲಿ ಶುರುವಾಯ್ತು” ಅಂದ ಅಪ್ಪ.

ಮಾಸ್ಕಿನೊಳಗಿಂದ ತಾತನೂ, “ಇವತ್ತಿಂದ” ಅಂದ. ಅಂದು ಮೊಮ್ಮಗಳ ಕಡೆ ನೋಡಿದ.

ಮೂವರೂ ಅವಳ ಕಡೆಯೇ ನೋಡುತ್ತಿದ್ದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಗಾಬರಿಯಿತ್ತು, ಆಶ್ಚರ್ಯವಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು ಎಂಬುದು ಅವಳಿಗೆ ಆಗ ಗೊತ್ತಾಯಿತು.

“ಇವತ್ತಿಂದ ಅಲ್ಲ” ಅಂದಳು. “ಎರಡು ವಾರವಾದ್ರೂ ಆಗಿದೆ. ಮೊದ್ಲು ಮೆಟ್ಟಿಲು ಹತ್ತುವಾಗ ಉಸಿರು ಕಟ್ತಿತ್ತು. ಆಮೇಲೆ ಮಲಗಿದ್ರೆ ಕಟ್ತಿತ್ತು, ಕುರ್ಚಿಯಲ್ಲಿ ಕೂತು ನಿದ್ದೆ ಮಾಡ್ತಿದ್ರು. ಎರಡೂ ಕಾಲಲ್ಲಿ ಬಾವು. ಒತ್ತಿದ್ರೆ ಗುಳಿ ಬೀಳತ್ತೆ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದ. “ಇಷ್ಟು ಗೊತ್ತಿದ್ದೂ ಯಾಕೆ ಕರ್ಕೊಂಡು ಬರ್ಲಿಲ್ಲ?”

ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ಮಗಳು ರಜೆಗೆ ಬಂದಿದ್ಲು ಡಾಕ್ಟ್ರೇ.”

ಇದು ಯಾರಿಗಾದರೂ ಅರ್ಥವಾಗುವ ಮಾತು ಎಂದು ಅವಳು ನಂಬಿದ್ದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. “ರಜೆಗೆ ಬಂದ್ರೆ? ಏನು ಮಾಡ್ತಾಳೆ ಮಗಳು?”

ಐದು ವರ್ಷದಿಂದ ಬಸ್ಸಿನಲ್ಲಿ ಪಕ್ಕ ಕೂತವರು ಕೇಳದಿದ್ದರೂ ಅಮ್ಮ ಹೇಳಿಕೊಂಡು ಬಂದಿದ್ದ ಉತ್ತರ ಅದು. ಈಗ ಅವಳು ಮಗಳ ಕಡೆ ನೋಡಿದಳು.

“ಮೆಡಿಕಲ್” ಅಂದಳು ಮಗಳು. “ಕೊನೇ ವರ್ಷ.”

ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು. ಅವಳನ್ನು ಒಂದು ಗಳಿಗೆ ನೋಡಿ, “ಹೊರಗೆ ಕೂತ್ಕೊಳ್ಳಿ” ಅಂದ. ಎಲ್ಲರಿಗೂ ಒಟ್ಟಿಗೆ ಹೇಳಿದ.

ಹೊರಗಿನ ಬೆಂಚಿನಲ್ಲಿ ಅಪ್ಪ ಕೂರಲಿಲ್ಲ. ವ್ಯಾನು ಸರಿಯಾಗಿ ನಿಲ್ಲಿಸಿ ಬರುತ್ತೇನೆಂದು ಹೋದವನು ಬಹಳ ಹೊತ್ತು ಬರಲಿಲ್ಲ. ತಾಯಿ ಮಗಳು ಇಬ್ಬರೇ ಕೂತರು.

“ಕಿಟಕಿ ಹತ್ರ ಕುರ್ಚಿ ಹಾಕ್ಕೊಟ್ಟಿದ್ದು ನಾನೇ” ಅಂದಳು ಅಮ್ಮ. “ದಿಂಬೂ ನಾನೇ ಕೊಟ್ಟೆ. ಇನ್ನು ಸ್ವಲ್ಪ ದಿನ ತಡ್ಕೊಳ್ಳಿ ಮಾವ, ಅವಳು ಹೋದ ತಕ್ಷಣ ನಾನೇ ರಜೆ ಹಾಕಿ ತೋರಿಸ್ಕೊಂಡು ಬರ್ತೀನಿ ಅಂದಿದ್ದೆ. ಸರಿಯಮ್ಮ ಅಂದ್ರು.”

ಮಗಳು ತನಗೆ ಸಿಟ್ಟು ಬರಬಹುದು ಎಂದು ಕಾದಳು, ಬರಲಿಲ್ಲ.

“ನಿಂಗೆ ಗೊತ್ತಾಗ್ಬಾರದು ಅಂತ ಮಾಡಿದ್ದು ಕಣೆ.”

“ನಂಗೆ ಗೊತ್ತಿತ್ತಮ್ಮ.”

“ಅದೇ, ಗೊತ್ತಿದ್ದೂ ಯಾಕೆ…” ಅಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಕೇಳುವ ಹಕ್ಕು ತನಗಿಲ್ಲ ಅನ್ನಿಸಿತೋ ಏನೋ. ಸೆರಗಿನ ತುದಿಯಲ್ಲಿ ಬೆಂಚಿನ ಮೇಲಿನ ಧೂಳು ಒರೆಸತೊಡಗಿದಳು. ಕೂತ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದಳು.

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಹೇಳಿದ. ಸದ್ಯಕ್ಕೆ ಗಂಡಾಂತರ ಕಳೆದಿದೆ. ಆದರೆ ಹೃದಯ ತುಂಬಾ ಸೋತಿದೆ. ಮೊದಲಿನ ಹಾಗೆ ಓಡಾಡುವುದು ಕಷ್ಟ. ಎರಡು ವಾರ ಮುಂಚೆ ಬಂದಿದ್ದರೆ ಬೇರೆ ಮಾತಾಗುತ್ತಿತ್ತು. ಕೊನೆಯ ಸಾಲನ್ನು ಅವನು ಗೋಡೆಗೆ ಹೇಳಿದ. ಒಳಗೆ ಒಬ್ಬರು ಹೋಗಬಹುದು ಅಂದ. ಅಮ್ಮ ಏಳಲಿಲ್ಲ. ಮಗಳು ಎದ್ದಳು.

ತಾತ ಎತ್ತರಿಸಿದ ಹಾಸಿಗೆಗೆ ಒರಗಿ ಕೂತಿದ್ದ. ಅವಳನ್ನು ಕಂಡು ಮಾಸ್ಕು ಸರಿಸಿದ.

“ನೀನ್ಯಾಕೆ ಬಂದೆ? ಮನೆಗೆ ಹೋಗಿ ಮಲಕ್ಕೋ. ರಜೆ ಇನ್ನೂ ಇದೆಯಲ್ಲ.”

ಅವಳು ಹಾಸಿಗೆಯ ಅಂಚಿಗೆ ಕೂತಳು. “ತಾತ, ನಂಗೆ ಗೊತ್ತಿತ್ತು.”

“ನಿಂಗೆ ಗೊತ್ತು ಅಂತ ನಂಗೂ ಗೊತ್ತಿತ್ತು. ಕಾಲು ಒತ್ತಿದೆಯಲ್ಲ, ಅವತ್ತೇ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ನಿಮ್ಮಮ್ಮಂಗೆ ಮಾತು ಕೊಟ್ಟಿದ್ದೆ.” ತಾತ ಉಸಿರು ಕೂಡಿಸಿಕೊಂಡ. ಬಸ್ಸಿನ ಮಾತು ಯಾವುದೂ ಅವನ ಬಾಯಿಗೆ ಬರಲಿಲ್ಲ. “ಕೂತ್ಕೊಂಡು ಬೆಳಗಾಗೋದನ್ನ ಕಾಯ್ತಿದ್ದೆ. ಭಯ ಆಗ್ತಿತ್ತು ಮರಿ. ಬೆಳಿಗ್ಗೆ ಎದ್ದು ಬರ್ತಿದ್ದೆಯಲ್ಲ, ನಾನು ಕೈ ಎತ್ತುತ್ತಿದ್ದೆ. ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ ದಿನಾ ಕಾದೆ.”

ಅವಳು ಮಾಸ್ಕನ್ನು ಅವನ ಮುಖಕ್ಕೆ ಸರಿಯಾಗಿ ಕೂರಿಸಿ, ದಾರ ಕಿವಿಯ ಹಿಂದೆ ಸಿಕ್ಕಿಸಿ, ಅದು ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡು ಕೂತಳು.